ಮೂಲವಸ್ತುಗಳ ಸೂತ್ರಕಾರ ದ್ಮಿತ್ರಿ ಮೆಂಡಲೀಫ್

ನಿತ್ಯದ ಅಡುಗೆಗೆ ಬಳಸುವ ಉಪ್ಪಿನಲ್ಲಿ ಎರಡು ಮೂಲವಸ್ತುಗಳಿವೆ. ಒಂದು ಸೋಡಿಯಂ. ಚಾಕುವಿನಿಂದ ಕೊಯ್ಯುವಷ್ಟು ಮೆತ್ತಗಿರುವ ಈ ಬೆಳ್ಳಿಬಣ್ಣದ ಲೋಹವು ನೀರಿಗೆ ಬಿದ್ದೊಡನೆ ಸುಂಯ್‌ಗುಟ್ಟುತ್ತ ಓಡಾಡಿ ಹೊತ್ತಿಕೊಳ್ಳುವುದರಿಂದ ಪ್ರಯೋಗಶಾಲೆಗಳಲ್ಲಿ ಇದನ್ನು ಸೀಮೆಎಣ್ಣೆಯಲ್ಲಿ ಮುಳುಗಿಸಿಡುತ್ತಾರೆ. ಇನ್ನೊಂದು ಕ್ಲೋರೀನ್, ಹಸಿರು ಮಿಶ್ರಿತ ಹಳದಿ ಬಣ್ಣದ ವಿಷಾನಿಲ. 1915ರಲ್ಲಿ ಬೆಲ್ಜಿಯಂ ದೇಶದ ಈಪ್ರ್ ಪಟ್ಟಣದ ಬಳಿ ಯುದ್ಧಭೂಮಿಯಲ್ಲಿ ಇದನ್ನು ಹರಿಯಬಿಟ್ಟಾಗ ಸೈನಿಕರು ಕಂದಕಗಳಲ್ಲಿಯೇ ಉಸಿರುಗಟ್ಟಿ ಸತ್ತರು. ಇಂಥ ಉಗ್ರ ಲೋಹವೂ ಇಂಥ ಘೋರ ಅನಿಲವೂ ಕೂಡಿದಾಗ ಊಟದ ಎಲೆಯ ಮೂಲೆಯಲ್ಲಿ ಎಲ್ಲಕ್ಕಿಂತ ಮೊದಲು ಬಡಿಸುವ ಪದಾರ್ಥವಾಗುತ್ತದೆ. ಸೋಡಿಯಂ ಇದ್ದ ಕಡೆ ಪೊಟ್ಯಾಸಿಯಂ ಇರಿಸಿದರೂ, ಕ್ಲೋರೀನ್ ಇದ್ದ ಕಡೆ ಬ್ರೋಮೀನ್ ಇರಿಸಿದರೂ ಒಂದಕ್ಕೆ ಒಂದು ಎಂಬ ಅದೇ ಲೆಕ್ಕದಲ್ಲಿ ಅವು ಕೂಡುತ್ತವೆ. ಹುಟ್ಟುವುದೂ ಅಂಥದೇ ಬಿಳಿಯ ಹರಳಿನ ಲವಣ. ಒಂದು ವಸ್ತುವು ಯಾವುದರೊಡನೆ, ಎಷ್ಟು ಪ್ರಮಾಣದಲ್ಲಿ, ಎಷ್ಟು ಆತುರದಿಂದ ಕೂಡುವುದೆಂಬುದು ಬಹುಮಟ್ಟಿಗೆ ಅದು ಸೇರಿದ ವರ್ಗದಿಂದ ನಿರ್ಣಯವಾಗುತ್ತದೆ. ಇಂದು ಪ್ರೌಢಶಾಲೆಯ ಗೋಡೆಯ ಮೇಲೆ ತೂಗುವ ಕೋಷ್ಟಕವು ಹೇಳುವುದು ಇದನ್ನೇ. ಆ ಕೋಷ್ಟಕವನ್ನು ಲೋಕಕ್ಕೆ ಕೊಟ್ಟ ರಷ್ಯನ್ ವಿದ್ವಾಂಸ ದ್ಮಿತ್ರಿ ಇವಾನೊವಿಚ್ ಮೆಂಡಲೀಫನು ಅದನ್ನು ಹುಡುಕಲು ಹೊರಟದ್ದು ಪಾಠಪುಸ್ತಕವೊಂದರ ಅಧ್ಯಾಯಗಳನ್ನು ಕ್ರಮಪಡಿಸುವ ಸಲುವಾಗಿ ಎಂಬ ಸಂಗತಿ ಉಪಾಧ್ಯಾಯ ವೃತ್ತಿಯಲ್ಲಿರುವವರೆಲ್ಲ ಅರಿತಿರಬೇಕಾದದ್ದು.

ಮೆಂಡಲೀಫನು 1834ನೆಯ ಇಸವಿ ಫೆಬ್ರವರಿ 8ರಂದು ಸೈಬೀರಿಯಾದ ತೊಬೋಲ್ಸ್ಕ್ ಪಟ್ಟಣದಲ್ಲಿ ಜನಿಸಿದನು. ರಷ್ಯಾದಲ್ಲಿ ಆಗ ಬಳಕೆಯಲ್ಲಿದ್ದ ಹಳೆಯ ಪಂಚಾಂಗದಂತೆ ಅದು ಜನವರಿ 27. ತಂದೆ ಇವಾನ್ ಪಾವ್ಲೊವಿಚ್ ಆ ಊರಿನ ಪ್ರೌಢಶಾಲೆಯ ಮುಖ್ಯೋಪಾಧ್ಯಾಯ. ಮಕ್ಕಳು ತುಂಬಿದ ಆ ಮನೆಯಲ್ಲಿ ದ್ಮಿತ್ರಿಯೇ ಕಡೆಗೂಸು. ಕೂಸು ಹುಟ್ಟಿದ ವರ್ಷವೇ ತಂದೆಯ ಕಣ್ಣಿನ ಬೆಳಕು ನಂದಿತು. ಅದರೊಡನೆ ಉದ್ಯೋಗವೂ ಹೋಯಿತು. ಅಲ್ಪವಾದ ವಿಶ್ರಾಂತಿ ವೇತನದಿಂದ ಸಂಸಾರ ಸಾಗದೆ ತಾಯಿ ಮಾರಿಯಾ ದ್ಮಿತ್ರಿಯೆವ್ನಾ ತನ್ನ ತವರಿನವರಿಗೆ ಸೇರಿದ ಗಾಜಿನ ಕಾರ್ಖಾನೆಯೊಂದನ್ನು ನಡೆಸುವ ಹೊಣೆ ಹೊತ್ತಳು. ಮರಳೂ ಸುಣ್ಣವೂ ಕ್ಷಾರವೂ ಕುಲುಮೆಯಲ್ಲಿ ಕರಗಿ ಪಾರದರ್ಶಕವಾಗಿ ಹೊರಬರುವ ಕಾರ್ಯವನ್ನು ದ್ಮಿತ್ರಿಯು ಬಾಲ್ಯದಲ್ಲಿಯೇ ಕಂಡನು. 1847ರಲ್ಲಿ ತಂದೆ ತೀರಿಕೊಂಡನು. ಮರುವರ್ಷ ಕಾರ್ಖಾನೆ ಬೆಂಕಿಗೆ ಆಹುತಿಯಾಯಿತು.

ಆ ತಾಯಿಯ ಧೃತಿ ಅಸಾಧಾರಣವಾದುದು. 1849ರಲ್ಲಿ, ವಯಸ್ಸು ಐವತ್ತು ದಾಟಿದ್ದ ಆಕೆ ಉಳಿದುದನ್ನು ಗಂಟುಕಟ್ಟಿಕೊಂಡು ಕಿರಿಯ ಮಗನನ್ನೂ ಒಬ್ಬ ಮಗಳನ್ನೂ ಕರೆದುಕೊಂಡು ಎರಡು ಸಾವಿರ ಕಿಲೋಮೀಟರಿಗೂ ಮಿಕ್ಕ ದಾರಿಯನ್ನು ಬಂಡಿಯಲ್ಲಿ ಕ್ರಮಿಸಿ ಮಾಸ್ಕೋ ಸೇರಿದಳು. ತೊಬೋಲ್ಸ್ಕ್ ಬೇರೊಂದು ವಿಶ್ವವಿದ್ಯಾಲಯದ ಸರಹದ್ದಿಗೆ ಸೇರಿದುದೆಂಬ ನಿಯಮದಿಂದ ಅಲ್ಲಿ ಹುಡುಗನಿಗೆ ಪ್ರವೇಶ ದೊರೆಯಲಿಲ್ಲ. ಆಕೆ ಸೇಂಟ್ ಪೀಟರ್ಸ್‌ಬರ್ಗಿಗೆ ನಡೆದಳು. ಪತಿಯು ಹಿಂದೆ ಓದಿದ್ದ ಅಧ್ಯಾಪಕ ಶಿಕ್ಷಣ ಸಂಸ್ಥೆಯಲ್ಲಿ 1850ರಲ್ಲಿ ಮಗನಿಗೆ ಸ್ಥಾನವೂ ವಿದ್ಯಾರ್ಥಿವೇತನವೂ ದೊರೆತವು. ಅದೇ ವರ್ಷ, ಮಗನು ತರಗತಿಗೆ ಸೇರಿದ ಕೆಲವೇ ವಾರಗಳಲ್ಲಿ, ಆಕೆ ಕಣ್ಮುಚ್ಚಿದಳು. ಮೂವತ್ತೇಳು ವರ್ಷಗಳ ತರುವಾಯ, ಕೀರ್ತಿಶಿಖರದಲ್ಲಿದ್ದ ಮಗನು ದ್ರಾವಣಗಳನ್ನು ಕುರಿತ ತನ್ನ ಗ್ರಂಥವನ್ನು ಆಕೆಯ ಸ್ಮರಣೆಗೆ ಅರ್ಪಿಸಿ, ತನ್ನನ್ನು ವಿಜ್ಞಾನಕ್ಕೆ ಒಪ್ಪಿಸಲೆಂದು ಆಕೆ ತನ್ನ ಕಡೆಯ ಕಾಸನ್ನೂ ಕಡೆಯ ಕಸುವನ್ನೂ ವೆಚ್ಚಮಾಡಿದುದನ್ನು ಅದರ ಮೊದಲ ಪುಟದಲ್ಲಿ ನೆನೆದನು.

1855ರಲ್ಲಿ ಸುವರ್ಣಪದಕದೊಡನೆ ತೇರ್ಗಡೆಯಾದ ಮೆಂಡಲೀಫನಿಗೆ ಕ್ಷಯರೋಗವೆಂಬ ಶಂಕೆ ಇದ್ದುದರಿಂದ ವೈದ್ಯರು ಬೆಚ್ಚನೆಯ ದಕ್ಷಿಣ ಸೀಮೆಗೆ ಕಳುಹಿಸಿದರು. ಸಿಂಫರೋಪೋಲ್ ಮತ್ತು ಒಡೆಸ್ಸಾ ನಗರಗಳಲ್ಲಿ ಕೆಲಕಾಲ ಶಾಲಾ ಉಪಾಧ್ಯಾಯನಾಗಿದ್ದು, ಆರೋಗ್ಯವಂತನಾಗಿ ಹಿಂದಿರುಗಿದನು. 1859ರಿಂದ ಎರಡು ವರ್ಷ ಜರ್ಮನಿಯ ಹೈಡೆಲ್‌ಬರ್ಗಿನಲ್ಲಿ ಉಚ್ಚ ವ್ಯಾಸಂಗ ಮಾಡಿದನು. ಈ ಅವಧಿಯಲ್ಲಿ ನಡೆದ ಒಂದು ಸಮ್ಮೇಳನವು ಆತನ ಬಾಳಿನ ದಿಕ್ಕನ್ನು ನಿರ್ಧರಿಸಿತು. ಆಗ ರಸಾಯನಶಾಸ್ತ್ರಜ್ಞರಲ್ಲಿ ಪರಮಾಣು ತೂಕಗಳ ಬಗ್ಗೆ ಏಕಾಭಿಪ್ರಾಯವಿರಲಿಲ್ಲ. ಆಕ್ಸಿಜನ್ನಿನ ತೂಕ ಒಬ್ಬರಿಗೆ 8, ಇನ್ನೊಬ್ಬರಿಗೆ 16. ಕಾರ್ಬನ್ನಿನದು ಒಬ್ಬರಿಗೆ 6, ಮತ್ತೊಬ್ಬರಿಗೆ 12. ಅಳತೆಗೋಲೇ ನೆಟ್ಟಗಿಲ್ಲದ ಊರಿನಲ್ಲಿ ಹೊಲದ ಎಲ್ಲೆ ನಿಲ್ಲುವುದೆಂತು? 1860ರ ಸೆಪ್ಟೆಂಬರಿನಲ್ಲಿ ಕಾರ್ಲ್ಸ್‌ರೂಹೆ ನಗರದಲ್ಲಿ ಸೇರಿದ ಸಭೆಯಲ್ಲಿ ಇಟಲಿಯ ಕ್ಯಾನಿಟ್ಸಾರೋ ಈ ಗೊಂದಲವನ್ನು ಬಿಡಿಸುವ ಮಾರ್ಗವನ್ನು ತೋರಿದನು. ಇಪ್ಪತ್ತಾರರ ತರುಣ ಮೆಂಡಲೀಫನು ಆ ಸಭೆಯಲ್ಲಿದ್ದನು. ಒಂದೇ ಅಳತೆಗೋಲಿನಿಂದ ಅಳೆದ ಪರಮಾಣು ತೂಕಗಳನ್ನು ಆತನು ಅಲ್ಲಿಂದ ಮನಸ್ಸಿನಲ್ಲಿ ಹೊತ್ತುತಂದನು.

ಸ್ವದೇಶಕ್ಕೆ ಮರಳಿ ಬರೆದ ಸಾವಯವ ರಸಾಯನಶಾಸ್ತ್ರದ ಗ್ರಂಥಕ್ಕೆ 1862ರಲ್ಲಿ ದೆಮಿದೋವ್ ಬಹುಮಾನ ಬಂದಿತು. 1865ರಲ್ಲಿ ಮದ್ಯಸಾರವೂ ನೀರೂ ಕೂಡುವ ಬಗೆಯನ್ನು ಕುರಿತ ಪ್ರಬಂಧಕ್ಕೆ ಡಾಕ್ಟರ್ ಪದವಿ ದೊರೆಯಿತು. ರಷ್ಯನ್ನರ ಮದ್ಯಕ್ಕೆ ನೂರಕ್ಕೆ ನಲವತ್ತು ಎಂಬ ಪ್ರಮಾಣವನ್ನು ಕಟ್ಟಿಕೊಟ್ಟವನು ಆತನೇ ಎಂದು ಹಬ್ಬಿರುವ ಕಥೆ ನಿರಾಧಾರವಾದುದು. ಆ ಪ್ರಮಾಣ ನಿಗದಿಯಾದಾಗ ಆತನಿನ್ನೂ ಬಾಲಕ. 1867ರಲ್ಲಿ ಸೇಂಟ್ ಪೀಟರ್ಸ್‌ಬರ್ಗ್ ವಿಶ್ವವಿದ್ಯಾಲಯದ ರಸಾಯನಶಾಸ್ತ್ರ ಪ್ರಾಧ್ಯಾಪಕನಾದಾಗ ಮಕ್ಕಳ ಕೈಗೆ ಕೊಡಬಲ್ಲ ಒಳ್ಳೆಯ ರಷ್ಯನ್ ಪಾಠಪುಸ್ತಕವಿಲ್ಲದುದನ್ನು ಕಂಡು, ರಸಾಯನಶಾಸ್ತ್ರದ ಮೂಲತತ್ತ್ವಗಳು ಎಂಬ ಅರ್ಥದ ಹೆಸರಿನಿಂದ ದೊಡ್ಡ ಗ್ರಂಥವೊಂದನ್ನು ತಾನೇ ಬರೆಯಲು ತೊಡಗಿದನು.

ಪೇಚು ಹುಟ್ಟಿದ್ದು ಇಲ್ಲಿಯೇ. ಅಂದಿಗೆ ತಿಳಿದಿದ್ದ ಮೂಲವಸ್ತುಗಳು 63. ಅವುಗಳಲ್ಲಿ ಯಾವುದನ್ನು ಮೊದಲು ಹೇಳಬೇಕು, ಯಾವುದನ್ನು ಆಮೇಲೆ? ಮೊದಲ ಭಾಗವು ಕ್ಲೋರೀನ್, ಬ್ರೋಮೀನ್, ಅಯೋಡಿನ್ ಮುಂತಾದ ಲವಣಜನಕಗಳ ಬಳಗದೊಡನೆ ಮುಗಿಯಿತು. ಎರಡನೆಯ ಭಾಗವು ಸೋಡಿಯಂ, ಪೊಟ್ಯಾಸಿಯಂ ಮೊದಲಾದ ಕ್ಷಾರಲೋಹಗಳಿಂದ ಆರಂಭವಾಯಿತು. ಉಪ್ಪನ್ನು ಕುರಿತು ಹೇಳಿ ಅದರ ಒಂದು ಪಾಲಿನಿಂದ ಇನ್ನೊಂದು ಪಾಲಿಗೆ ಸಾಗಿದ್ದು ಸಹಜವೇ ಆಗಿತ್ತು. ಆದರೆ ಅಲ್ಲಿಂದ ಮುಂದೆ ದಾರಿ ತೋರಲಿಲ್ಲ. ಅಕಾರಾದಿಯಾಗಿ ಜೋಡಿಸಿದರೆ ನಿಘಂಟಾದೀತೇ ಹೊರತು ಶಾಸ್ತ್ರವಾಗದು. ಬಣ್ಣ, ಹೊಳಪು, ಗಟ್ಟಿತನ ಇವುಗಳಂತೆ ವಿಂಗಡಿಸಿದರೆ ಒಂದು ಕಡೆ ಸೇರಿದ್ದು ಇನ್ನೊಂದು ಕಡೆ ಒಡೆಯುತ್ತದೆ.

1869ರ ಮಾರ್ಚ್ 1, ಹಳೆಯ ಪಂಚಾಂಗದ ಫೆಬ್ರವರಿ 17. ಅಂದು ಮೆಂಡಲೀಫನು ಗಿಣ್ಣು ತಯಾರಿಸುವ ಹಳ್ಳಿಯ ಕೇಂದ್ರಗಳನ್ನು ನೋಡಲು ಪ್ರಯಾಣ ಹೊರಡಬೇಕಾಗಿತ್ತು. ಆ ಸಂಬಂಧವಾಗಿ ಬಂದ ಪತ್ರದ ಹಿಂಬದಿಯಲ್ಲಿಯೇ ಮೂಲವಸ್ತುಗಳ ತೂಕಗಳನ್ನು ಸಾಲಾಗಿ ಬರೆದು ಹೋಲಿಸತೊಡಗಿದನು. ಆ ಕಾಗದ ಇಂದಿಗೂ ಉಳಿದಿದೆ. ಒಂದೇ ಬಳಗದೊಳಗಿನ ಸಾದೃಶ್ಯವನ್ನು ಹಿಂದಿನವರೂ ಬಲ್ಲರು. ಮೆಂಡಲೀಫನು ಮಾಡಿದ ಹೊಸ ಕೆಲಸವೆಂದರೆ ಪರಸ್ಪರ ಸ್ವಲ್ಪವೂ ಹೋಲದ ಬಳಗಗಳನ್ನು ಪಕ್ಕಪಕ್ಕದಲ್ಲಿ ಇರಿಸಿ ನೋಡಿದ್ದು. ಕ್ಲೋರೀನಿನ ತೂಕ 35.5, ಪೊಟ್ಯಾಸಿಯಮ್ಮಿನದು 39, ಕ್ಯಾಲ್ಸಿಯಮ್ಮಿನದು 40. ಬ್ರೋಮೀನ್ 80, ರುಬಿಡಿಯಂ 85, ಸ್ಟ್ರಾನ್ಷಿಯಂ 87. ಅಯೋಡಿನ್ 127, ಸೀಸಿಯಂ 133, ಬೇರಿಯಂ 137. ಗುಣದಲ್ಲಿ ಉತ್ತರ ದಕ್ಷಿಣಗಳಾದ ಲವಣಜನಕಗಳೂ ಕ್ಷಾರಲೋಹಗಳೂ ತೂಕದಲ್ಲಿ ನೆರೆಹೊರೆಯವು. ಆ ನೆರೆತನ ಮೂರು ಬಾರಿಯೂ ಅದೇ ಕ್ರಮದಲ್ಲಿ ಮರಳಿ ಬರುತ್ತದೆ. ತೂಕ ಏರುತ್ತ ಹೋದಂತೆ ಗುಣಗಳು ಮತ್ತೆ ಮತ್ತೆ ಆವರ್ತಿಸುತ್ತವೆ ಎಂಬ ಸೂತ್ರವು ಆತನಿಗೆ ಹೊಳೆದದ್ದು ಹೀಗೆ. ಕನಸಿನಲ್ಲಿ ಕೋಷ್ಟಕವನ್ನು ಕಂಡನೆಂದೂ, ಇಸ್ಪೀಟಿನ ಎಲೆಗಳಂತೆ ಚೀಟಿಗಳನ್ನು ಹರಡಿಕೊಂಡು ಕುಳಿತನೆಂದೂ ಹೇಳುವ ಕಥೆಗಳಿವೆ. ವರ್ಷಗಟ್ಟಲೆ ತೂಕ, ದ್ರಾವಣ, ಹರಳುಗಳ ನಡುವೆ ಕಳೆದವನಿಗೆ ಕನಸೂ ಅವನ್ನೇ ತೋರಿದ್ದರೆ ಆಶ್ಚರ್ಯವಿಲ್ಲ. ಕೋಷ್ಟಕವನ್ನು ಅಚ್ಚುಹಾಕಿಸಿ ಆತನು ಪ್ರಯಾಣ ಹೊರಟನು. ರಷ್ಯನ್ ರಸಾಯನ ಸಂಘದ ಮಾರ್ಚ್ ಸಭೆಯಲ್ಲಿ ಅದನ್ನು ಮಂಡಿಸಿದವನು ಆತನ ಮಿತ್ರ ಮೆನ್‌ಶುಟ್ಕಿನ್.

1871ರಲ್ಲಿ ಆತನು ಪರಿಷ್ಕರಿಸಿದ ಕೋಷ್ಟಕದಲ್ಲಿ ವರ್ಗಗಳು ಎಂಟು. ವರ್ಗಕ್ಕೆ ಲಕ್ಷಣವನ್ನು ಕೊಟ್ಟದ್ದು ಸಂಯೋಗಶಕ್ತಿ, ಎಂದರೆ ವೇಲೆನ್ಸಿ. ಮೂರನೆಯ ಸಾಲನ್ನು ನೋಡಬಹುದು. ಎರಡು ಸೋಡಿಯಂ ಪರಮಾಣುಗಳು ಒಂದು ಆಕ್ಸಿಜನ್ನನ್ನು ಹಿಡಿಯುತ್ತವೆ. ಒಂದು ಮೆಗ್ನೀಸಿಯಂ ಒಂದನ್ನು, ಎರಡು ಅಲ್ಯೂಮಿನಿಯಂ ಮೂರನ್ನು, ಒಂದು ಸಿಲಿಕಾನ್ ಎರಡನ್ನು, ಎರಡು ಫಾಸ್ಫರಸ್ ಐದನ್ನು, ಒಂದು ಗಂಧಕ ಮೂರನ್ನು, ಎರಡು ಕ್ಲೋರೀನ್ ಏಳನ್ನು ಹಿಡಿಯಬಲ್ಲವು. ಆಕ್ಸಿಜನ್ನಿನೊಡನೆ ಕೂಡುವ ಶಕ್ತಿ ಒಂದರಿಂದ ಏಳರವರೆಗೆ ಮೆಟ್ಟಿಲು ಹತ್ತಿದಂತೆ ಏರುತ್ತದೆ. ಹೈಡ್ರೋಜನ್ನಿನೊಡನೆ ಕೂಡುವಾಗ ಸಿಲಿಕಾನಿಗೆ ನಾಲ್ಕು, ಫಾಸ್ಫರಸ್ಸಿಗೆ ಮೂರು, ಗಂಧಕಕ್ಕೆ ಎರಡು, ಕ್ಲೋರೀನಿಗೆ ಒಂದು ಎಂದು ಇಳಿಯುತ್ತದೆ. ಇವೆರಡನ್ನೂ ಕೂಡಿದರೆ ಪ್ರತಿಯೊಂದು ಬಾರಿಯೂ ಎಂಟು! ಎಂಟೇ ಏಕೆ ಎಂಬುದಕ್ಕೆ ಆಗ ಉತ್ತರವಿರಲಿಲ್ಲ. ಮೆಂಡಲೀಫನು ಲೆಕ್ಕವನ್ನು ಗುರುತಿಸಿ ಮುಂದೆ ನಡೆದನು.

ಕನ್ನಡ ವರ್ಣಮಾಲೆಯನ್ನು ಬಲ್ಲವರಿಗೆ ಈ ವ್ಯವಸ್ಥೆಯ ಮರ್ಮ ಹೊಸತಲ್ಲ. ಇಪ್ಪತ್ತೈದು ವರ್ಗೀಯ ವ್ಯಂಜನಗಳನ್ನು ಐದೈದರಂತೆ ಬರೆದಾಗ ಅಡ್ಡ ಸಾಲು ಹುಟ್ಟುವ ಸ್ಥಾನವನ್ನೂ ಕಂಬಸಾಲು ಉಚ್ಚರಿಸುವ ಪ್ರಯತ್ನವನ್ನೂ ಹೇಳುತ್ತವೆ. ತವರ್ಗದ ನಾಲ್ಕನೆಯ ಮನೆ ತೆರವಾಗಿದ್ದರೆ, ಆ ಅಕ್ಷರವನ್ನು ಎಂದೂ ಕೇಳದವನೂ ಅದು ದಂತ್ಯ, ಘೋಷ, ಮಹಾಪ್ರಾಣ ಎಂದು ನಿರ್ಧರಿಸಬಲ್ಲನು. ಮೆಂಡಲೀಫನು ಮೂಲವಸ್ತುಗಳ ವಿಷಯದಲ್ಲಿ ಮಾಡಿದ್ದು ಇದನ್ನೇ. ಸತುವಿನ ತರುವಾಯ ತಿಳಿದಿದ್ದ ವಸ್ತು ಆರ್ಸೆನಿಕ್. ಅದನ್ನು ತೂಕದ ಸಾಲಿನಲ್ಲಿ ಒತ್ತಿ ಕೂರಿಸಿದರೆ ಅಲ್ಯೂಮಿನಿಯಮ್ಮಿನ ಕೆಳಗೆ ಬರುತ್ತದೆ. ಆದರೆ ಅದರ ನಡತೆಯೆಲ್ಲ ಫಾಸ್ಫರಸ್ಸಿನ ಬಳಗದ್ದು. ಆದುದರಿಂದ ಅದನ್ನು ಫಾಸ್ಫರಸ್ಸಿನ ಕೆಳಗೆ ಕೂರಿಸಿ, ನಡುವೆ ಎರಡು ಮನೆಗಳನ್ನು ತೆರವಾಗಿ ಬಿಟ್ಟನು. ಅವುಗಳಿಗೆ ಒಡೆಯರಿದ್ದಾರೆ, ಇನ್ನೂ ಸಿಕ್ಕಿಲ್ಲ ಎಂಬುದು ಆತನ ವಾದ. ಹಾಗೆ ಬಿಟ್ಟ ಮನೆಗಳಿಗೆ ಇಟ್ಟ ಹೆಸರುಗಳು ಭಾರತೀಯರಿಗೆ ಸಂತೋಷ ತರುವಂಥವು: ಏಕ-ಅಲ್ಯೂಮಿನಿಯಂ, ಏಕ-ಬೋರಾನ್, ಏಕ-ಸಿಲಿಕಾನ್. ಒಂದು ಮನೆಯಾಚೆಯದು ಏಕ, ಎರಡು ಮನೆಯಾಚೆಯದು ದ್ವಿ. ಲ್ಯಾಟಿನ್ ಗ್ರೀಕ್‌ಗಳನ್ನು ಬಿಟ್ಟು ಸಂಸ್ಕೃತದ ಸಂಖ್ಯಾವಾಚಕಗಳನ್ನು ಆರಿಸಿಕೊಂಡುದಕ್ಕೆ ಆ ಕಾಲದ ಸೇಂಟ್ ಪೀಟರ್ಸ್‌ಬರ್ಗಿನ ವಾತಾವರಣವನ್ನು ನೆನೆಯಬೇಕು. ಪಾಣಿನಿಯ ಅಷ್ಟಾಧ್ಯಾಯಿಯನ್ನು ಸಂಪಾದಿಸಿದ ಬೋಟ್‌ಲಿಂಕ್ ಅದೇ ನಗರದ ವಿಜ್ಞಾನ ಅಕಾಡೆಮಿಯ ಸದಸ್ಯನಾಗಿದ್ದನು. ಆತನೂ ರೋಟ್ ಎಂಬ ವಿದ್ವಾಂಸನೂ ಸೇರಿ ಸಿದ್ಧಪಡಿಸಿದ ಸಂಸ್ಕೃತ ಮಹಾನಿಘಂಟು 1855ರಿಂದ 1875ರವರೆಗೆ ಅಲ್ಲಿಂದಲೇ ಸಂಪುಟ ಸಂಪುಟವಾಗಿ ಪ್ರಕಟವಾಯಿತು. ಇದರಿಂದ ಪಾಣಿನಿಯ ವರ್ಣಸಮಾಮ್ನಾಯದ ಛಾಯೆಯನ್ನು ಮೆಂಡಲೀಫನ ಕೋಷ್ಟಕದಲ್ಲಿ ಕಂಡ ವಿದ್ವಾಂಸರೂ ಉಂಟು. ಅದು ಊಹೆ, ಹೆಸರುಗಳು ಮಾತ್ರ ಸಂಸ್ಕೃತದವೆಂಬುದು ನಿಶ್ಚಯ.

ತೆರವಾದ ಮನೆಗಳನ್ನು ಬಿಡುವುದಷ್ಟೇ ಆಗಿದ್ದರೆ ಲೋಕವು ನಕ್ಕು ಸುಮ್ಮನಾಗುತ್ತಿತ್ತು. ಬಾರದ ಅತಿಥಿಯ ರೂಪುರೇಖೆಗಳನ್ನು ಆತನು ಮುಂಚಿತವಾಗಿ ಬರೆದಿಟ್ಟನು. ಏಕ-ಅಲ್ಯೂಮಿನಿಯಮ್ಮಿನ ತೂಕ ಸುಮಾರು 68, ಸಾಂದ್ರತೆ 5.9, ಸುಲಭವಾಗಿ ಕರಗುವುದು, ಅಲ್ಯೂಮಿನಿಯಮ್ಮಿನಂತೆಯೇ ಎರಡಕ್ಕೆ ಮೂರು ಆಕ್ಸಿಜನ್ನುಗಳನ್ನು ಹಿಡಿಯುವುದು, ಪಟಿಕದಂಥ ಲವಣವನ್ನು ಕೊಡುವುದು, ರೋಹಿತದರ್ಶಕದಿಂದ ಪತ್ತೆಯಾಗುವ ಸಂಭವ ಹೆಚ್ಚು. 1875ರಲ್ಲಿ ಫ್ರಾನ್ಸಿನ ಲೆಕಾಕ್ ದ ಬ್ವಾಬೋದ್ರಾನನು ಪಿರನೀಸ್ ಪರ್ವತದ ಸತುವಿನ ಅದಿರಿನಲ್ಲಿ, ರೋಹಿತದರ್ಶಕದ ಮೂಲಕವೇ, ಹೊಸ ಲೋಹವೊಂದನ್ನು ಕಂಡು ಗ್ಯಾಲಿಯಂ ಎಂದು ಹೆಸರಿಟ್ಟನು. ಆತನು ಅಳೆದಾಗ ಸಾಂದ್ರತೆ 4.7 ಬಂದಿತು. ಲೋಹದ ಕಣವನ್ನೂ ನೋಡಿರದ ಮೆಂಡಲೀಫನು ದೂರದ ರಷ್ಯಾದಿಂದ, ಅದು 5.9ರ ಸುಮಾರಿಗೆ ಇರತಕ್ಕದ್ದೆಂದೂ ಲೋಹವನ್ನು ಇನ್ನಷ್ಟು ಶುದ್ಧಗೊಳಿಸಿ ಅಳೆಯಬೇಕೆಂದೂ ತಿಳಿಸಿದನು. ಕಂಡವನಿಗೆ ಕಾಣದವನು ತಿದ್ದುಪಡಿ ಹೇಳುವುದೆಂದರೆ ಸಹಿಸಲು ಕಷ್ಟವಾದ ಮಾತು. ಆದರೂ ಫ್ರೆಂಚ್ ವಿದ್ವಾಂಸನು ಶುದ್ಧೀಕರಿಸಿ ಮತ್ತೆ ಅಳೆದನು. ಬಂದ ಉತ್ತರ 5.9. ಅಂಗೈಯಲ್ಲಿಟ್ಟರೆ ಮೈಬಿಸಿಗೇ ಕರಗುವ ಆ ಲೋಹದ ತೂಕ ಸುಮಾರು 69.7.

1879ರಲ್ಲಿ ಸ್ವೀಡನ್ನಿನ ನಿಲ್ಸನ್ ಸ್ಕ್ಯಾಂಡಿಯಮ್ಮನ್ನು ಕಂಡನು, ಅದು ಏಕ-ಬೋರಾನ್. 1886ರಲ್ಲಿ ಜರ್ಮನಿಯ ಫ್ರೈಬರ್ಗಿನಲ್ಲಿ ವಿಂಕ್ಲರನು ಬೆಳ್ಳಿಯ ಹೊಸ ಅದಿರೊಂದನ್ನು ವಿಶ್ಲೇಷಿಸುವಾಗ ಎಷ್ಟು ಸಲ ಲೆಕ್ಕ ಹಾಕಿದರೂ ನೂರಕ್ಕೆ ಸುಮಾರು ಏಳು ಪಾಲು ಕಡಿಮೆ ಬೀಳುತ್ತಿತ್ತು. ಆ ಏಳು ಪಾಲಿನಲ್ಲಿ ಅಡಗಿದ್ದುದು ಜರ್ಮೇನಿಯಂ, ಏಕ-ಸಿಲಿಕಾನ್. ಮೆಂಡಲೀಫನು ಬರೆದಿದ್ದ ತೂಕ 72, ದೊರೆತದ್ದು 72.3, ಬರೆದಿದ್ದ ಸಾಂದ್ರತೆ 5.5, ದೊರೆತದ್ದು 5.47; ಅದರ ಕ್ಲೋರೈಡು 100 ಡಿಗ್ರಿಗಿಂತ ಸ್ವಲ್ಪ ಕೆಳಗೆ ಕುದಿಯುವುದೆಂದಿದ್ದನು, ಅದು 86 ಡಿಗ್ರಿಯಲ್ಲಿ ಕುದಿಯಿತು. ಮೂವರು ಅತಿಥಿಗಳೂ ಹದಿನೈದು ವರ್ಷಗಳೊಳಗೆ ತಮ್ಮ ತಮ್ಮ ಮನೆಗೆ ಬಂದು ಸೇರಿದರು.

ತೂಕದ ಅಂಕಿಯೂ ವರ್ಗದ ಲಕ್ಷಣವೂ ಹೊಂದದೆ ಬಂದಾಗ ಮೆಂಡಲೀಫನು ಅಂಕಿಯನ್ನೇ ಶಂಕಿಸಿದನು. ಆತನ ಧೈರ್ಯ ಪ್ರಕಟವಾಗುವುದು ಇಲ್ಲಿ. ಇಂಡಿಯಮ್ಮಿನ ತೂಕ 76 ಎಂದು ಎಲ್ಲರೂ ನಂಬಿದ್ದರು. ಹಾಗಾದರೆ ಅದು ಆರ್ಸೆನಿಕ್ಕಿಗೂ ಸೆಲೆನಿಯಮ್ಮಿಗೂ ನಡುವೆ ನುಸುಳಬೇಕು; ಅಲ್ಲಿ ಎಡೆಯಿಲ್ಲ. ಅದರ ಆಕ್ಸೈಡನ್ನು ಅಲ್ಯೂಮಿನಿಯಮ್ಮಿನ ಮಾದರಿಯದೆಂದು ಭಾವಿಸಿ ಲೆಕ್ಕವನ್ನು ತಿದ್ದಿದಾಗ ತೂಕ 113 ಆಯಿತು, ಕ್ಯಾಡ್ಮಿಯಮ್ಮಿನ ಪಕ್ಕದ ಮನೆಗೆ ಅಚ್ಚುಕಟ್ಟಾಗಿ ಕುಳಿತಿತು. ಬೆರಿಲಿಯಂ 14 ಎಂದಿದ್ದುದನ್ನು 9 ಎಂದೂ, ಯುರೇನಿಯಂ 120 ಎಂದಿದ್ದುದನ್ನು 240 ಎಂದೂ ತಿದ್ದಿದನು. ಇವೆಲ್ಲ ಸರಿಯೆಂದು ಸಿದ್ಧವಾದವು. ಒಂದೆಡೆ ಮಾತ್ರ ಎಡವಿದನು. ಟೆಲ್ಲೂರಿಯಂ 128, ಅಯೋಡಿನ್ 127. ತೂಕದಂತೆ ಅಯೋಡಿನ್ ಮೊದಲು ಬರಬೇಕು. ಗುಣದಂತೆ ಅದು ಲವಣಜನಕವಾದುದರಿಂದ ಆಮೇಲೆ ಬರಬೇಕು. ಆತನು ಗುಣವನ್ನು ಅನುಸರಿಸಿ ಸ್ಥಾನ ಕೊಟ್ಟನು. ಟೆಲ್ಲೂರಿಯಮ್ಮಿನ ತೂಕವನ್ನು ಅಳೆಯುವುದರಲ್ಲಿ ತಪ್ಪಾಗಿದೆ ಎಂದನು. ಸ್ಥಾನ ಸರಿ, ಕಾರಣ ತಪ್ಪು. ಟೆಲ್ಲೂರಿಯಂ ನಿಜಕ್ಕೂ ಹೆಚ್ಚು ಭಾರ. ವಿರಳ ಭಸ್ಮಲೋಹಗಳಿಗೂ ಆತನು ಕಡೆಯವರೆಗೆ ತಕ್ಕ ಮನೆಗಳನ್ನು ಹೊಂದಿಸಲಾರದೆ ಹೋದನು.

ಈ ದಾರಿಯಲ್ಲಿ ಆತನೊಬ್ಬನೇ ನಡೆದನೆನ್ನುವುದು ನ್ಯಾಯವಲ್ಲ. ಮೂರು ಮೂರರ ಗುಂಪುಗಳನ್ನು ಜರ್ಮನಿಯ ಡೋಬೆರೈನರ್ 1829ರಷ್ಟು ಹಿಂದೆಯೇ ಗುರುತಿಸಿದ್ದನು. ಇಂಗ್ಲೆಂಡಿನ ನ್ಯೂಲ್ಯಾಂಡ್ಸನು ಸಪ್ತಸ್ವರಗಳಂತೆ ಎಂಟನೆಯದಕ್ಕೆ ಗುಣ ಮರುಕಳಿಸುತ್ತದೆಂದು ಹೇಳಿ 1866ರಲ್ಲಿ ಲಂಡನ್ನಿನ ವಿದ್ವತ್ಸಭೆಯಲ್ಲಿ ಅಪಹಾಸ್ಯಕ್ಕೆ ಗುರಿಯಾದನು. ಜರ್ಮನಿಯ ಲೋಥಾರ್ ಮೇಯರ್ ಬಹುಮಟ್ಟಿಗೆ ಇದೇ ಕೋಷ್ಟಕವನ್ನು ಸ್ವತಂತ್ರವಾಗಿ ಕಂಡಿದ್ದನು. 1882ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯು ಡೇವಿ ಪದಕವನ್ನು ಮೆಂಡಲೀಫನಿಗೂ ಮೇಯರನಿಗೂ ಸಮನಾಗಿ ಹಂಚಿತು. 1887ರಲ್ಲಿ ಅದೇ ಪದಕ ನ್ಯೂಲ್ಯಾಂಡ್ಸನಿಗೂ ಸಂದಿತು. ಆದರೆ ತೆರವಾದ ಮನೆಗೆ ಬರುವವನ ತೂಕ, ಸಾಂದ್ರತೆ, ಲವಣಗಳನ್ನು ಹೇಳಿ ತನ್ನ ಮಾನವನ್ನೇ ಪಣಕ್ಕೊಡ್ಡಿದವನು ಮೆಂಡಲೀಫನೊಬ್ಬನೇ.

ಆತನ ಗೃಹಜೀವನ ಕಷ್ಟಗಳಿಂದ ಕೂಡಿತ್ತು. 1862ರ ಮೊದಲ ವಿವಾಹ ಸುಖ ತರಲಿಲ್ಲ. 1882ರಲ್ಲಿ ಅದು ವಿಚ್ಛೇದನದಲ್ಲಿ ಮುಗಿದು, ಆತನು ಅನ್ನಾ ಪೊಪೋವಾ ಎಂಬ ತರುಣಿಯನ್ನು ಮದುವೆಯಾದನು. ಚರ್ಚು ವಿಧಿಸಿದ್ದ ಕಾಯುವ ಅವಧಿಯನ್ನು ಲೆಕ್ಕಿಸದುದರಿಂದ ಬಹಳ ಅಪವಾದಕ್ಕೆ ಒಳಗಾದನು. ಅದಕ್ಕೂ ಮೊದಲೇ, 1880ರಲ್ಲಿ, ರಷ್ಯದ ವಿಜ್ಞಾನ ಅಕಾಡೆಮಿಯು ಆತನನ್ನು ಸದಸ್ಯನಾಗಿ ಆರಿಸಲು ನಿರಾಕರಿಸಿತ್ತು. 1887ರ ಸೂರ್ಯಗ್ರಹಣದಂದು, ಮಳೆಗೆ ನೆನೆದ ಬಲೂನು ಇಬ್ಬರನ್ನು ಹೊರಲಾರದೆಂದು ತಿಳಿದಾಗ, ಹಾರಿಸುವವನನ್ನು ಕೆಳಗಿಳಿಸಿ ಐವತ್ತಮೂರರ ಈ ಪ್ರಾಧ್ಯಾಪಕನು ಒಬ್ಬನೇ ಮೋಡಗಳ ಮೇಲಕ್ಕೆ ಏರಿ ಕ್ಷೇಮವಾಗಿ ಇಳಿದು ಬಂದನು. 1890ರಲ್ಲಿ ವಿದ್ಯಾರ್ಥಿಗಳು ತಮ್ಮ ಅಹವಾಲನ್ನು ಆತನ ಕೈಗೆ ಕೊಟ್ಟರು. ಅದನ್ನು ಶಿಕ್ಷಣ ಸಚಿವನಿಗೆ ತಲುಪಿಸಿದಾಗ ಪ್ರಾಧ್ಯಾಪಕನಿಗೆ ಇದು ಸಲ್ಲದ ಕೆಲಸವೆಂಬ ಉತ್ತರದೊಡನೆ ಕಾಗದ ಹಿಂದಿರುಗಿತು. ಮೆಂಡಲೀಫನು ಇಪ್ಪತ್ತಮೂರು ವರ್ಷಗಳ ಪೀಠವನ್ನು ತ್ಯಜಿಸಿದನು. 1893ರಿಂದ ಕಡೆಯವರೆಗೂ ರಾಷ್ಟ್ರದ ತೂಕ ಮತ್ತು ಅಳತೆಗಳ ಕೇಂದ್ರದ ಮುಖ್ಯಸ್ಥನಾಗಿದ್ದನು.

1894ರಲ್ಲಿ ಇಂಗ್ಲೆಂಡಿನ ರ‍್ಯಾಲೆ ಮತ್ತು ರ‍್ಯಾಮ್ಸೆ ವಾಯುವಿನಲ್ಲಿ ಆರ್ಗಾನ್ ಎಂಬ ಹೊಸ ಅನಿಲವನ್ನು ಕಂಡರು. ಅದು ಯಾವುದರೊಡನೆಯೂ ಕೂಡದು. ತೂಕ 40, ಕೋಷ್ಟಕದಲ್ಲಿ ಅದಕ್ಕೆಂದು ಬಿಟ್ಟ ಮನೆಯೇ ಇರಲಿಲ್ಲ. ಮೂರು ನೈಟ್ರೋಜನ್ ಪರಮಾಣುಗಳು ಒಂದಾದ ವಸ್ತುವಿರಬಹುದೆಂದು ಮೆಂಡಲೀಫನು ಮೊದಲು ಶಂಕಿಸಿದನು. ಹೀಲಿಯಂ, ನಿಯಾನ್, ಕ್ರಿಪ್ಟಾನ್, ಕ್ಸೆನಾನ್‌ಗಳು ಸಾಲಾಗಿ ಬಂದಾಗ ಅವೆಲ್ಲಕ್ಕೂ ಸೇರಿ ಶೂನ್ಯವರ್ಗವೆಂಬ ಹೊಸ ಕಂಬಸಾಲನ್ನು ಒಪ್ಪಿಕೊಂಡನು. ಕೋಷ್ಟಕ ಮುರಿಯಲಿಲ್ಲ, ಹಿಗ್ಗಿತು. ಆದರೆ 1897ರಲ್ಲಿ ಥಾಮ್ಸನ್ ಕಂಡುಹಿಡಿದ ಎಲೆಕ್ಟ್ರಾನನ್ನೂ, ಕ್ಯೂರಿ ದಂಪತಿಗಳ ರೇಡಿಯಮ್ಮಿನಿಂದ ತಿಳಿದುಬಂದ ಪರಮಾಣುವಿನ ಒಡೆತವನ್ನೂ ಆತನು ಒಪ್ಪಲಿಲ್ಲ. 1902ರಲ್ಲಿ ಪ್ಯಾರಿಸಿಗೆ ಹೋಗಿ ಕ್ಯೂರಿಗಳ ಪ್ರಯೋಗಶಾಲೆಯನ್ನು ಕಣ್ಣಾರೆ ಕಂಡೂ ಒಪ್ಪಲಿಲ್ಲ. ಪ್ರತಿಯೊಂದು ಮೂಲವಸ್ತುವೂ ಅಖಂಡ, ಅದರ ವ್ಯಕ್ತಿತ್ವ ಶಾಶ್ವತ ಎಂಬ ನಂಬಿಕೆಯ ಮೇಲೆ ಕಟ್ಟಿದ ಮನೆ ಕುಸಿದೀತೆಂಬ ಭಯ ಆತನದು. ವಿಧಿಯ ವಿಲಾಸವೆಂದರೆ, ವರ್ಗಗಳಿಗೆ ಆಧಾರವೇನೆಂಬ ಪ್ರಶ್ನೆಗೆ ಉತ್ತರವಿದ್ದುದು ಆತನು ದೂರವಿರಿಸಿದ ಆ ಕಣದಲ್ಲಿಯೇ.

1913ರಲ್ಲಿ ಇಂಗ್ಲೆಂಡಿನ ಮೋಸ್ಲೆ ಎಂಬ ತರುಣನು ಎಕ್ಸ್-ಕಿರಣಗಳ ಮೂಲಕ ಮೂಲವಸ್ತುಗಳ ಕ್ರಮಸಂಖ್ಯೆಗೆ ಆಧಾರ ಪರಮಾಣುಬೀಜದ ವಿದ್ಯುದಂಶವೇ ಹೊರತು ತೂಕವಲ್ಲವೆಂದು ತೋರಿಸಿದನು. ಅದರಂತೆ ಟೆಲ್ಲೂರಿಯಂ 52, ಅಯೋಡಿನ್ 53. ಮೆಂಡಲೀಫನು ಕೂರಿಸಿದ ಕ್ರಮವೇ ಸರಿ. ಮೋಸ್ಲೆ ಎರಡೇ ವರ್ಷಗಳಲ್ಲಿ, ಇಪ್ಪತ್ತೇಳನೆಯ ವಯಸ್ಸಿಗೆ, ಗ್ಯಾಲಿಪೊಲಿಯ ಯುದ್ಧದಲ್ಲಿ ಮಡಿದನು. 1916ರಲ್ಲಿ ಜರ್ಮನಿಯ ಕೋಸೆಲ್ ಮತ್ತು ಅಮೆರಿಕದ ಲೂಯಿಸ್ ಬಂಧದ ರಹಸ್ಯವನ್ನು ಬಿಡಿಸಿದರು. ಪರಮಾಣುವಿನ ಹೊರಕವಚದಲ್ಲಿ ಎಂಟು ಎಲೆಕ್ಟ್ರಾನುಗಳು ತುಂಬಿದರೆ ಅದು ತೃಪ್ತ. ಶೂನ್ಯವರ್ಗದ ಅನಿಲಗಳ ನಿರ್ಲಿಪ್ತತೆಗೆ ಇದೇ ಕಾರಣ. (ಹೀಲಿಯಮ್ಮಿಗೆ ಎರಡೇ ಸಾಕು.) ಕ್ಷಾರಲೋಹಗಳ ಹೊರಕವಚದಲ್ಲಿ ಇರುವುದು ಒಂದೇ, ಅದನ್ನು ಕೊಟ್ಟುಬಿಟ್ಟರೆ ಒಳಗಿನ ತುಂಬಿದ ಕವಚ ಉಳಿಯುತ್ತದೆ. ಲವಣಜನಕಗಳಲ್ಲಿ ಏಳು, ಒಂದು ದೊರೆತರೆ ಎಂಟಾಗುತ್ತದೆ. ಸೋಡಿಯಂ ಕೊಡುತ್ತದೆ, ಕ್ಲೋರೀನ್ ತೆಗೆದುಕೊಳ್ಳುತ್ತದೆ. ಧನ ಋಣ ವಿದ್ಯುತ್ತುಳ್ಳ ಅಯಾನುಗಳಾಗಿ ಪರಸ್ಪರ ಸೆಳೆದುಕೊಂಡು ಹರಳುಗಟ್ಟುತ್ತವೆ. ಒಂದಕ್ಕೆ ಒಂದು ಎಂಬ ಉಪ್ಪಿನ ಲೆಕ್ಕ ಇದೇ. ಮೆಂಡಲೀಫನು ಗುರುತಿಸಿದ್ದ ಎಂಟರ ಲೆಕ್ಕಕ್ಕೂ ಇದೇ ಬೀಗದ ಕೈ.

ಕೂಡುವ ಆತುರವೂ ವರ್ಗದೊಳಗೆ ಕ್ರಮವಾಗಿ ಬದಲಾಗುತ್ತದೆ. ಲಿಥಿಯಂ ನೀರಿನಲ್ಲಿ ಮೆಲ್ಲನೆ ನೊರೆಯೆಬ್ಬಿಸುತ್ತದೆ, ಸೋಡಿಯಂ ಓಡಾಡುತ್ತದೆ, ಪೊಟ್ಯಾಸಿಯಂ ನೇರಿಳೆ ಜ್ವಾಲೆಯಿಂದ ಉರಿಯುತ್ತದೆ, ಸೀಸಿಯಂ ಸ್ಫೋಟಿಸುತ್ತದೆ. ಕೆಳಗೆ ಹೋದಂತೆ ಪರಮಾಣು ದೊಡ್ಡದಾಗಿ, ಹೊರಗಿನ ಎಲೆಕ್ಟ್ರಾನು ಬೀಜದಿಂದ ದೂರವಾಗಿ ಅದನ್ನು ಬಿಟ್ಟುಕೊಡುವುದು ಸುಲಭವಾಗುತ್ತದೆ. ಲವಣಜನಕಗಳಲ್ಲಿ ಇದು ತಿರುವುಮುರುವು. ಅಲ್ಲಿ ತೆಗೆದುಕೊಳ್ಳುವುದು ಮುಖ್ಯವಾದುದರಿಂದ ಮೇಲಿರುವ ಫ್ಲೋರೀನ್ ಅತ್ಯುಗ್ರ, ಕೆಳಗಿರುವ ಅಯೋಡಿನ್ ಸೌಮ್ಯ. ನಡುವಿನ ಕಾರ್ಬನ್ ವರ್ಗಕ್ಕೆ ನಾಲ್ಕು ಎಲೆಕ್ಟ್ರಾನುಗಳು. ಕೊಡುವುದೂ ಕಷ್ಟ, ಪಡೆಯುವುದೂ ಕಷ್ಟ. ಅದು ನೆರೆಯ ಪರಮಾಣುಗಳೊಡನೆ ಜೋಡಿಗಳನ್ನು ಹಂಚಿಕೊಳ್ಳುತ್ತದೆ. ಜೀವಿಗಳ ದೇಹವೆಲ್ಲ ಈ ಹಂಚಿಕೆಯ ಬಂಧದಿಂದ ಕಟ್ಟಿದ್ದು. ಆದರೂ ವರ್ಗವೊಂದೇ ಸರ್ವಸ್ವವೆಂದು ತಿಳಿಯಬಾರದು. ಕಾರ್ಬನ್ನೂ ಸಿಲಿಕಾನೂ ಒಂದೇ ವರ್ಗದವು. ಎರಡೂ ಒಂದಕ್ಕೆ ಎರಡರಂತೆ ಆಕ್ಸಿಜನ್ನನ್ನು ಹಿಡಿಯುತ್ತವೆ. ಆದರೆ ಒಂದರ ಆಕ್ಸೈಡು ಮನುಷ್ಯನು ಹೊರಬಿಡುವ ಉಸಿರು, ಇನ್ನೊಂದರದು ಹೊಳೆಯ ಮರಳು. ಚಿಕ್ಕದಾದ ಕಾರ್ಬನ್ ಎರಡು ಆಕ್ಸಿಜನ್ನುಗಳನ್ನು ಇಮ್ಮಡಿ ಬಂಧದಿಂದ ಹಿಡಿದು ಬಿಡಿ ಅಣುವಾಗಿ ತೇಲುತ್ತದೆ. ದೊಡ್ಡದಾದ ಸಿಲಿಕಾನ್ ನಾಲ್ಕು ದಿಕ್ಕಿಗೂ ಒಂಟಿ ಬಂಧಗಳನ್ನು ಚಾಚಿ ಜಾಲವಾಗಿ ಗಟ್ಟಿಗೊಳ್ಳುತ್ತದೆ. ಶೂನ್ಯವರ್ಗದ ಕ್ಸೆನಾನ್ ಕೂಡ 1962ರಲ್ಲಿ ಬಾರ್ಟ್ಲೆಟ್ಟನ ಕೈಯಲ್ಲಿ ತನ್ನ ವ್ರತವನ್ನು ಮುರಿದು ಸಂಯುಕ್ತವಾಯಿತು.

ಇದಾವುದನ್ನೂ ಕಾಣಲು ಮೆಂಡಲೀಫನು ಉಳಿದಿರಲಿಲ್ಲ. 1905ರಲ್ಲಿ ರಾಯಲ್ ಸೊಸೈಟಿಯ ಕೋಪ್ಲೆ ಪದಕ ಬಂದಿತು. 1906ರಲ್ಲಿ ನೊಬೆಲ್ ಪಾರಿತೋಷಕಕ್ಕೆ ರಸಾಯನ ಸಮಿತಿಯು ಆತನ ಹೆಸರನ್ನೇ ಸೂಚಿಸಿದ್ದರೂ ಸ್ವೀಡನ್ನಿನ ಅಕಾಡೆಮಿಯು ಅದನ್ನು ಫ್ರಾನ್ಸಿನ ಮ್ವಾಸಾನನಿಗೆ ಕೊಟ್ಟಿತು. ಲವಣಜನಕಗಳಲ್ಲಿ ಅತ್ಯುಗ್ರವಾದ ಫ್ಲೋರೀನನ್ನು ಬಿಡಿಸಿ ತೆಗೆದವನು ಮ್ವಾಸಾನ್, ಯೋಗ್ಯನೇ. ಆದರೆ ಒಂದು ವಸ್ತುವನ್ನು ಬಿಡಿಸಿದವನಿಗೆ ಸಂದದ್ದು ಎಲ್ಲ ವಸ್ತುಗಳನ್ನೂ ಕೂಡಿಸಿದವನಿಗೆ ಸಲ್ಲಲಿಲ್ಲವೆಂಬ ಕೊರಗು ಇಂದಿಗೂ ಉಳಿದಿದೆ. 1907ರ ಫೆಬ್ರವರಿ 2ರಂದು ಮೆಂಡಲೀಫನು ತೀರಿಕೊಂಡನು. ಅದೇ ತಿಂಗಳು 20ರಂದು ಮ್ವಾಸಾನನೂ ಹೋದನು. ಸೇಂಟ್ ಪೀಟರ್ಸ್‌ಬರ್ಗಿನ ಅಂತ್ಯಯಾತ್ರೆಯಲ್ಲಿ ವಿದ್ಯಾರ್ಥಿಗಳು ಆವರ್ತ ಕೋಷ್ಟಕದ ಫಲಕವನ್ನು ಎತ್ತಿ ಹಿಡಿದು ನಡೆದರೆಂದು ಹೇಳುತ್ತಾರೆ. ವೋಲ್ಕೋವೋ ಸ್ಮಶಾನದಲ್ಲಿ, ತೊಬೋಲ್ಸ್ಕ್‌ನಿಂದ ಕರೆತಂದ ತಾಯಿಯನ್ನು ಮಣ್ಣುಮಾಡಿದ್ದ ನೆಲದಲ್ಲಿಯೇ, ಆತನನ್ನೂ ಮಲಗಿಸಿದರು.

ಕೋಷ್ಟಕದ ಮನೆಗಳು ಆಮೇಲೆಯೂ ತುಂಬುತ್ತ ಬಂದವು. ಏಕ-ಮ್ಯಾಂಗನೀಸ್ ಎಂದು ಬಿಟ್ಟಿದ್ದ ಮನೆಗೆ 1937ರಲ್ಲಿ ಮನುಷ್ಯನೇ ತಯಾರಿಸಿದ ಟೆಕ್ನೀಷಿಯಂ ಬಂದಿತು. 2016ರಲ್ಲಿ ನಾಲ್ಕು ಹೊಸ ವಸ್ತುಗಳಿಗೆ ಹೆಸರಿಟ್ಟಾಗ ಒಟ್ಟು 118 ಆಗಿ ಏಳನೆಯ ಸಾಲು ಪೂರ್ಣವಾಯಿತು. ಇವುಗಳ ನಡುವೆ 101ನೆಯದನ್ನು 1955ರಲ್ಲಿ ಅಮೆರಿಕದ ಬರ್ಕ್ಲಿಯಲ್ಲಿ ಸೀಬೋರ್ಗ್, ಗಿಯೋರ್ಸೊ ಮತ್ತು ಸಂಗಡಿಗರು ತಯಾರಿಸಿದರು. ಅವರಿಗೆ ದೊರೆತದ್ದು ಒಟ್ಟು 17 ಪರಮಾಣುಗಳು, ಒಮ್ಮೆಗೆ ಒಂದೋ ಎರಡೋ. ತೂಗಲು ಬಾರದು, ಕಣ್ಣಿಗೆ ಕಾಣದು. ಥೂಲಿಯಮ್ಮಿನ ಕೆಳಗಿನ ಮನೆಯ ವಸ್ತು ಅದರಂತೆಯೇ ನಡೆದುಕೊಳ್ಳಬೇಕೆಂಬ ಒಂದೇ ನಂಬಿಕೆಯಿಂದ, ರಾಳದ ನಾಳದಲ್ಲಿ ಅದು ಇಳಿದು ಬರಬೇಕಾದ ಹನಿ ಯಾವುದೆಂದು ಮೊದಲೇ ಗೊತ್ತುಮಾಡಿ ಕಾದರು. ಅದೇ ಹನಿಯಲ್ಲಿ ಅದು ಬಂದಿತು. ರಷ್ಯಾ ಅಮೆರಿಕಗಳ ವೈರ ಉಲ್ಬಣಿಸಿದ್ದ ಆ ಕಾಲದಲ್ಲಿಯೂ ಅವರು ಆ ಲೋಹಕ್ಕೆ ಮೆಂಡಲೀವಿಯಂ ಎಂದು ಹೆಸರಿಟ್ಟರು.